ಯೋಧನ ಹೆಸರಿನಲ್ಲಿ ಯಾರ ಮನೆ?

ಮುಂಬಯಿಯಲ್ಲಿ ನೆಲ ಪಡೆಯಲು ಹಣ ಬೇಕು. ಹಣ ಸಾಲದಿದ್ದರೆ ಅಧಿಕಾರ ಬೇಕು. ಇವೆರಡೂ ಇದ್ದು ಇನ್ನೂ ಬಾಗಿಲು ತೆರೆಯದಿದ್ದಾಗ ಸೈನಿಕನ ಹೆಸರು ಬೇಕು. ಮಾತು ಕಟುವೆನಿಸಬಹುದು. ಆದರೆ ಕೊಲಾಬಾದಲ್ಲಿ 31 ಮಹಡಿಗಳ ‘ಆದರ್ಶ’ ಎಂಬ ಕಟ್ಟಡ ಎದ್ದ ಬಗೆಯನ್ನು ನೆನೆದವರಿಗೆ ಇದಕ್ಕಿಂತ ಮೃದುವಾದ ಮಾತು ಹೊಳೆಯಲಾರದು. ಆ ಪ್ರಕರಣ ಮುಗಿದುಹೋದ ಹಳೆಯ ಹಗರಣವೆಂದು ನಾವು ಕೈತೊಳೆದುಕೊಂಡಿದ್ದೇವೆ. ಪ್ರತಿವರ್ಷ ಜುಲೈ 26ರಂದು ನಮ್ಮ ಸಂಘಸಂಸ್ಥೆಗಳ ವೇದಿಕೆಗಳಲ್ಲಿ ಕಾರ್ಗಿಲ್ ವಿಜಯವನ್ನು ಸ್ಮರಿಸುವಾಗಲೂ ಅದರ ಹೆಸರೆತ್ತುವುದಿಲ್ಲ. ಈ ಮರೆವು ಸೌಜನ್ಯದ್ದಲ್ಲ, ಸುಲಭದ್ದು ಎಂಬುದೇ ಈ ಬರಹದ ತಕರಾರು.

ಅಂಧೇರಿಯಲ್ಲಿ ವಾಸಿಸುವ ಕನ್ನಡಿಗರಿಗೆ ಕೊಲಾಬಾ ಬೇರೊಂದು ಊರೇ ಸರಿ. ಚರ್ಚ್‌ಗೇಟ್ ಲೋಕಲ್ ಹಿಡಿದು ಕೊನೆಯ ನಿಲ್ದಾಣದಲ್ಲಿ ಇಳಿದ ಮೇಲೂ ಇನ್ನೊಂದು ಬಸ್ಸು ಹತ್ತಬೇಕು. ನಮ್ಮ ಮರೋಳದಲ್ಲಿಯೂ ಒಂದು ಮಿಲಿಟರಿ ರಸ್ತೆಯಿದೆ. ಅದರ ಉದ್ದಕ್ಕೂ ನಡೆದರೆ ಕಾರ್ಖಾನೆ, ಕಚೇರಿ, ಸೊಸೈಟಿ, ಹೋಟೆಲು ಎಲ್ಲವೂ ಸಿಗುತ್ತವೆ, ಮಿಲಿಟರಿಯ ನೆನಪೊಂದು ಸಿಗುವುದಿಲ್ಲ. ಹೆಸರು ಉಳಿದು ಹೆಸರಿಗೆ ಕಾರಣರಾದವರು ಮರೆಯಾಗುವುದು ಈ ನಗರಕ್ಕೆ ಹೊಸದಲ್ಲ. ಆದರೆ ಮರೆಯಾದವರ ಹೆಸರನ್ನು ಮುಂದೊಡ್ಡಿ ಲಾಭ ಎತ್ತುವುದು ಬೇರೆ ಮಾತು. ಅದನ್ನು ಅರಿಯಲು ಕೊಲಾಬಾದ ಹುಟ್ಟಿನಿಂದಲೇ ಹೊರಡಬೇಕು.

ಮುಂಬಯಿಯ ದಕ್ಷಿಣ ತುದಿಯ ಈ ನೆಲವನ್ನು ಬ್ರಿಟಿಷರು ಹದಿನೆಂಟನೆಯ ಶತಮಾನದ ಕೊನೆಗೆ ದಂಡುಪ್ರದೇಶವಾಗಿಸಿದರು. 1838ರಲ್ಲಿ ಕಾಸ್‌ವೇ ಕಟ್ಟಿ ಅದನ್ನು ನಗರಕ್ಕೆ ಜೋಡಿಸಲಾಯಿತು. ಸೈನಿಕರಿಗಾಗಿ, ಅವರ ಕುಟುಂಬಗಳಿಗಾಗಿ ಬೆಳೆದ ಉಪನಗರವಿದು. ಸ್ವಾತಂತ್ರ್ಯಾನಂತರವೂ ಅದರ ತುದಿ ನೇವಿ ನಗರವಾಗಿ, ನೌಕಾದಳದ ವಸತಿಗಳ, ಅಶ್ವಿನಿ ಆಸ್ಪತ್ರೆಯ ಪ್ರದೇಶವಾಗಿ ಮುಂದುವರಿಯಿತು. ಅಲ್ಲಿಯೇ ಅಫ್ಘನ್ ಚರ್ಚ್ ಎಂದು ಜನ ಕರೆಯುವ ಸೇಂಟ್ ಜಾನ್ ದೇವಾಲಯವಿದೆ. 1838ರಿಂದ ಸಿಂಧ್ ಮತ್ತು ಅಫ್ಘಾನಿಸ್ತಾನಗಳಲ್ಲಿ ನಡೆದ ದಂಡಯಾತ್ರೆಗಳಲ್ಲಿ ಸತ್ತವರ ನೆನಪಿಗಾಗಿ ಕಟ್ಟಿದ ಇದು 1858ರಲ್ಲಿ ಪ್ರಾರ್ಥನೆಗೆ ತೆರೆಯಿತು. ಒಳಗೋಡೆಯ ಫಲಕಗಳಲ್ಲಿ ಅಧಿಕಾರಿಗಳ ಹೆಸರುಗಳಿವೆ. ಸಾಮಾನ್ಯ ಸಿಪಾಯಿಗಳ ವಿಷಯದಲ್ಲಿ ಅಲ್ಲಿಯ ಶಾಸನ ಹೇಳುವುದರ ತಾತ್ಪರ್ಯವಿಷ್ಟೆ: ಅವರ ಸಂಖ್ಯೆ ದೊಡ್ಡದು, ಹೀಗೆ ಬರೆದಿಡಲಾಗದಷ್ಟು.

ಈ ಶಾಸನವನ್ನು ವಸಾಹತುಶಾಹಿಯ ದರ್ಪವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಪ್ರಾಮಾಣಿಕತೆಯನ್ನು ಗಮನಿಸಬೇಕು. ಹೆಸರು ಬರೆಯಲಿಲ್ಲ ಎಂಬುದನ್ನಾದರೂ ಅದು ಬರೆದಿದೆ. ನಾವು ಅಷ್ಟನ್ನೂ ಮಾಡಿಲ್ಲ. ಸಾಮಾನ್ಯ ಸೈನಿಕನ ಹೆಸರನ್ನು ಭಾಷಣದಲ್ಲಿ ಮುಂದಿಟ್ಟು ಹಕ್ಕಿನ ಕಾಗದದಲ್ಲಿ ಬಿಟ್ಟುಬಿಡುವ ವಿದ್ಯೆಯನ್ನು ನಾವು ಸ್ವತಂತ್ರರಾದ ಮೇಲೆ ಕಲಿತೆವು.

ಅಂಧೇರಿಯಿಂದ ಅದೇ ಪಶ್ಚಿಮ ರೈಲಿನಲ್ಲಿ ಉತ್ತರಕ್ಕೆ ಹೋದರೆ ಬೋರಿವಲಿ. ಅಲ್ಲಿಯ ಎಕ್ಸರ್ ಗ್ರಾಮದಲ್ಲಿ ಶಿಲಾಹಾರರ ಕಾಲದ್ದೆಂದು ವಿದ್ವಾಂಸರು ಗುರುತಿಸುವ ವೀರಗಲ್ಲುಗಳು ನಿಂತಿವೆ. ಕೆಲವು ಕಲ್ಲುಗಳ ಮೇಲೆ ಸಾಲುಸಾಲು ಹುಟ್ಟುಗಳ ಹಡಗುಗಳು, ಕಡಲಕಾಳಗ, ಸತ್ತ ವೀರರು ಮೇಲಿನ ಲೋಕಕ್ಕೆ ಏರುವ ದೃಶ್ಯ. ಕನ್ನಡಿಗನಿಗೆ ಈ ಭಾಷೆ ಪರಿಚಿತ. ನಮ್ಮ ನಾಡಿನ ಊರೂರುಗಳಲ್ಲಿ ನಿಂತ ವೀರಗಲ್ಲುಗಳು ಅರಸರಿಗಷ್ಟೇ ಮೀಸಲಾಗಿರಲಿಲ್ಲ. ತುರುಗೊಳ್ ಕಾಳಗದಲ್ಲಿ ದನ ಬಿಡಿಸಲು ಹೋಗಿ ಮಡಿದ ಊರಿನ ಸಾಮಾನ್ಯನಿಗೂ ಕಲ್ಲು ನಿಲ್ಲುತ್ತಿತ್ತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಪದ್ಧತಿಯಿತ್ತು: ನೆತ್ತರುಗೊಡಗೆ. ರಕ್ತ ಸುರಿಸಿ ಸತ್ತವನ ಮನೆಯವರ ಜೀವನಕ್ಕೆಂದು ಕೊಡುತ್ತಿದ್ದ ಭೂಮಿ ಅದು. ಕಲ್ಲು ಹೆಸರಿಗೆ, ಕೊಡಗೆ ಮನೆಗೆ. ಮಧ್ಯಯುಗದ ಆ ಸಮಾಜವನ್ನು ಹಾಡಿಹೊಗಳಬೇಕಾಗಿಲ್ಲ; ಅದರ ಯುದ್ಧಗಳೂ ಅದರ ಜಾತಿಕ್ರಮವೂ ನಮಗೆ ಮಾದರಿಯಲ್ಲ. ಆದರೆ ಕಲ್ಲು ಮತ್ತು ಭೂಮಿ ಒಂದೇ ಋಣದ ಎರಡು ಭಾಗಗಳೆಂಬ ತಿಳಿವಳಿಕೆ ಅದಕ್ಕಿತ್ತು. ಇಂದು ಕಲ್ಲಿನ ಭಾಗ ಯೋಧನಿಗೆ ಸಿಗುತ್ತದೆ, ಭೂಮಿಯ ಭಾಗ ಬೇರೆಯವರ ಪಾಲಾಗುತ್ತದೆ.

ನೇವಿ ನಗರವನ್ನು ಯುದ್ಧ ಬಂದು ಮುಟ್ಟಿದ ವರ್ಷ 1971. ಡಿಸೆಂಬರ್ 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ನಡೆಸಿದ ದಾಳಿಯನ್ನು ನಾವು ಇಂದಿಗೂ ನೌಕಾದಿನವಾಗಿ ಆಚರಿಸುತ್ತೇವೆ. ಐದು ದಿನಗಳ ಬಳಿಕ, ಡಿಸೆಂಬರ್ 9ರ ರಾತ್ರಿ, ದೀವ್ ತೀರದಾಚೆ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು, ಒಟ್ಟು 194 ಮಂದಿ ಹಡಗಿನೊಂದಿಗೆ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಆ ದಿನಗಳಲ್ಲಿ ಮುಂಬಯಿಗೆ ಮುಂಬಯಿಯೇ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿಕೊಂಡು ಬ್ಲ್ಯಾಕ್‌ಔಟ್‌ನಲ್ಲಿ ಕುಳಿತಿತ್ತು. ಕೋಟೆಯ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರ ಪೀಳಿಗೆಗೆ ಅದು ಯುದ್ಧದ ಅನುಭವ. ಸಮುದ್ರಕ್ಕೆ ಹೋದವರ ದಾರಿ ಕಾಯುತ್ತ ನೌಕಾದಳದ ವಸತಿಗಳಲ್ಲಿ ಕುಳಿತಿದ್ದ ಹೆಂಗಸರಿಗೆ ಯುದ್ಧವೆಂದರೆ ಅದಾಗಿರಲಿಲ್ಲ.

ಸತ್ತವರ ಹೆಸರುಗಳಿಗೆ ದೀವ್‌ನಲ್ಲಿ ಸ್ಮಾರಕ ನಿಂತಿದೆ. ನಮ್ಮ ಪ್ರಶ್ನೆ ಸ್ಮಾರಕದ್ದಲ್ಲ. ಸರ್ಕಾರಿ ಕ್ವಾರ್ಟರ್ಸ್ ಎಂಬುದು ಮನುಷ್ಯನಿಗೆ ಕೊಟ್ಟ ಮನೆಯಲ್ಲ, ಅವನ ಹುದ್ದೆಗೆ ಕೊಟ್ಟ ಮನೆ. ಹುದ್ದೆಯಲ್ಲಿದ್ದವನು ಇಲ್ಲವಾದರೆ, ನಿಯಮ ಎಷ್ಟು ಕಾಲಾವಕಾಶ ಕೊಟ್ಟರೂ ಕೊನೆಗೊಂದು ದಿನ ಬೀಗದ ಕೈ ಹಿಂದಿರುಗಿಸಬೇಕು. ಮುಂದಿನ ನಾವಿಕನಿಗೂ ಮನೆ ಬೇಕು. ಹೀಗಾಗಿ ಈ ನಿಯಮವನ್ನು ಅನ್ಯಾಯವೆನ್ನಲು ಬಾರದು. ಆದರೆ ಇದರ ಅರ್ಥ ಸ್ಪಷ್ಟವಿದೆ. ಸೈನಿಕರ ಕುಟುಂಬಗಳಿಗಾಗಿ ಕಟ್ಟಿದ ಬಡಾವಣೆಯಲ್ಲಿ ಯುದ್ಧ ಯಾರ ಮನೆಯನ್ನು ಮುಟ್ಟುತ್ತದೆಯೋ ಆ ಮನೆಯವರೇ ಮೊದಲು ಬಡಾವಣೆಯಿಂದ ಹೊರಬೀಳಬೇಕಾಗುತ್ತದೆ. ಅಧಿಕಾರಿಯ ಮನೆಗೆ ಬಂಧುಗಳ, ಬ್ಯಾಂಕಿನ, ಇಂಗ್ಲಿಷಿನ ಆಸರೆ ಇರಬಹುದು. ಕೆಳದರ್ಜೆಯ ನಾವಿಕನ ಹೆಂಡತಿ ಮಕ್ಕಳೊಂದಿಗೆ ಊರಿನ ಬಸ್ಸು ಹತ್ತುತ್ತಾಳೆ. ಸಿಪಾಯಿ ದರ್ಜೆಯಲ್ಲಿ ಎಲ್ಲರಿಗೂ ಕುಟುಂಬದೊಡನೆ ಇರುವ ವಸತಿಯ ಅಧಿಕಾರವೇ ಇಲ್ಲ ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಆಕೆಯ ಪಾಲಿಗೆ ‘ಸೈನಿಕರಿಗೆ ಮನೆ’ ಎಂಬ ಮಾತು ಅತ್ಯಂತ ನಿಜವಾಗಬೇಕಾದದ್ದು ಆ ಗಳಿಗೆಯಲ್ಲಿ.

ರಾಜ್ಯಕ್ಕೆ ಇದು ಅಸಾಧ್ಯವೇನೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಕಟ್ಟಿದ ಕಲ್ಯಾಣ್ ಕ್ಯಾಂಪಿನ ಬ್ಯಾರಕ್ಕುಗಳಲ್ಲಿ, ದೇಶವಿಭಜನೆಯ ಬಳಿಕ, ಸಿಂಧ್‌ನಿಂದ ಬಂದ ನಿರಾಶ್ರಿತರನ್ನು ನೆಲೆಗೊಳಿಸಲಾಯಿತು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿ ಅದಕ್ಕೆ ಉಲ್ಹಾಸನಗರವೆಂದು ಹೆಸರಿಟ್ಟರು. ಅಲ್ಲಿಯವರು ಇಂದಿಗೂ ವಿಳಾಸ ಹೇಳುವಾಗ ಕ್ಯಾಂಪ್ ನಂಬರು ಹೇಳುತ್ತಾರೆ. ಆ ಬದುಕು ಸುಖದ್ದಾಗಿರಲಿಲ್ಲ; ಒಂದೊಂದು ಬ್ಯಾರಕ್ಕನ್ನು ಅಡ್ಡಗೋಡೆಗಳಿಂದ ಸೀಳಿಕೊಂಡು ಸಂಸಾರಗಳು ಬಾಳಿದವು. ಆದರೂ ದಿಕ್ಕು ಸರಿಯಿತ್ತು: ಸೈನ್ಯದ ನೆಲ ಮನೆ ಕಳೆದುಕೊಂಡವರ ಕೈಗೆ ಹೋಯಿತು. ಐವತ್ತೈದು ವರ್ಷಗಳ ಬಳಿಕ ಕೊಲಾಬಾದಲ್ಲಿ ಆದದ್ದು ಇದರ ನೇರ ತಿರುವುಮುರುವು.

ಆದರ್ಶ ಸಹಕಾರಿ ಗೃಹನಿರ್ಮಾಣ ಸಂಘದ ಕತೆಯನ್ನು ತಾರೀಕುಗಳಲ್ಲಿ ಹೇಳಿದರೆ ಸಾಕು. ಸೇವೆಯಲ್ಲಿರುವ ಮತ್ತು ನಿವೃತ್ತರಾದ ರಕ್ಷಣಾ ಸಿಬ್ಬಂದಿಯ ಕಲ್ಯಾಣಕ್ಕೆಂಬ ಪ್ರಸ್ತಾವ 1990ರ ದಶಕದಲ್ಲಿ ಹುಟ್ಟಿತು. 1999ರಲ್ಲಿ ಕಾರ್ಗಿಲ್ ಯುದ್ಧವಾಯಿತು. ಬಳಿಕ ಸಂಘದ ಪತ್ರವ್ಯವಹಾರದಲ್ಲಿ ಕಾರ್ಗಿಲ್ ಯೋಧರ ಹೆಸರು ಕಾಣಿಸಿಕೊಂಡಿತು. ಸೈನಿಕರಲ್ಲದವರಿಗೂ ಶೇಕಡಾ 40ರ ಪಾಲು ಸೇರಿತು. 2004ರಲ್ಲಿ ಸಂಘಕ್ಕೆ ಭೂಮಿ ಮಂಜೂರಾಯಿತು. ಮೊದಲು ಆರು ಮಹಡಿಗಳ ಮಾತಿದ್ದ ಕಡೆ 31 ಮಹಡಿಗಳು ಎದ್ದವು. ಸದಸ್ಯರ ಪಟ್ಟಿಯಲ್ಲಿ ರಾಜಕಾರಣಿಗಳು, ಅವರ ನೆಂಟರು, ಕಡತಕ್ಕೆ ಸಹಿ ಮಾಡಬೇಕಾಗಿದ್ದ ಅಧಿಕಾರಿಗಳು ಮತ್ತು ಅವರ ಬಂಧುಗಳು ಕಂಡುಬಂದರು. 2010ರ ನವೆಂಬರಿನಲ್ಲಿ ಮುಖ್ಯಮಂತ್ರಿ ಅಶೋಕ ಚವಾಣ್ ರಾಜೀನಾಮೆ ಕೊಟ್ಟರು. ಅವರ ವಿರುದ್ಧ ಮೊಕದ್ದಮೆ ನಡೆಸಲು ರಾಜ್ಯಪಾಲರು ಕೊಟ್ಟ ಅನುಮತಿಯನ್ನು 2017ರಲ್ಲಿ ಹೈಕೋರ್ಟು ರದ್ದುಗೊಳಿಸಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು. 2011ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ, ಕರಾವಳಿ ನಿಯಂತ್ರಣದ ನಿಯಮ ಮುರಿದ ಕಾರಣಕ್ಕಾಗಿ ಕಟ್ಟಡವನ್ನು ಕೆಡವಬೇಕೆಂದಿತು. ನ್ಯಾಯಮೂರ್ತಿ ಜೆ. ಎ. ಪಾಟೀಲ್ ಅವರ ವಿಚಾರಣಾ ಆಯೋಗ 2013ರಲ್ಲಿ ಕೊಟ್ಟ ವರದಿಯಲ್ಲಿ 102 ಸದಸ್ಯರ ಪೈಕಿ 25 ಮಂದಿ ಅನರ್ಹರೆಂದಿತು, 22 ಫ್ಲ್ಯಾಟುಗಳು ಬೇನಾಮಿಯೆಂದಿತು. 2016ರ ಏಪ್ರಿಲಿನಲ್ಲಿ ಮುಂಬಯಿ ಹೈಕೋರ್ಟು ಕೆಡವಲು ಆದೇಶಿಸಿತು. ಜುಲೈಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ತಡೆದು ಕಟ್ಟಡವನ್ನು ಕೇಂದ್ರ ಸರ್ಕಾರದ ವಶಕ್ಕೆ ಒಪ್ಪಿಸಿತು.

ಈ ವಿಷಯವೆತ್ತಿದಾಗ ಕೇಳಿಬರುವ ಸಮಾಧಾನಗಳು ಮೂರು. ಮೂರನ್ನೂ ಪರಿಶೀಲಿಸಬೇಕು.

ಮೊದಲನೆಯದು ಕಾನೂನಿನದು. ಆ ಭೂಮಿ ರಾಜ್ಯ ಸರ್ಕಾರದ್ದು, ಅದು ಕಾರ್ಗಿಲ್ ಯೋಧರಿಗಾಗಲಿ ವೀರಪತ್ನಿಯರಿಗಾಗಲಿ ಮೀಸಲಾಗಿರಲಿಲ್ಲವೆಂದು ಆಯೋಗವೇ 2012ರ ಮಧ್ಯಂತರ ವರದಿಯಲ್ಲಿ ಹೇಳಿದೆ. ಆದ್ದರಿಂದ ವಿಧವೆಯರ ಮನೆ ಕಿತ್ತುಕೊಂಡರೆಂಬ ಆರೋಪ ಸುಳ್ಳು ಎಂಬುದು. ಆಯೋಗ ಹಾಗೆ ಹೇಳಿದ್ದು ನಿಜ. ಆದರೆ ಈ ಸಂಗತಿ ತಪ್ಪನ್ನು ಹಗುರಗೊಳಿಸುವುದಿಲ್ಲ, ಭಾರವಾಗಿಸುತ್ತದೆ. ಮೀಸಲಾತಿಯಿದ್ದು ಅದನ್ನು ಮುರಿದಿದ್ದರೆ ಸೈನಿಕನ ಕುಟುಂಬಕ್ಕೆ ನ್ಯಾಯಾಲಯದಲ್ಲಿ ನಿಂತು ಕೇಳಲು ಒಂದು ಹಕ್ಕಾದರೂ ಇರುತ್ತಿತ್ತು. ಇಲ್ಲಿ ಕಾರ್ಗಿಲ್ ಎಂಬ ಹೆಸರು ಅರ್ಜಿಗೆ ಬಲ ತುಂಬಿತು, ಹಂಚಿಕೆಯ ಕಾಗದಕ್ಕೆ ಬರುವ ಹೊತ್ತಿಗೆ ಯಾರನ್ನೂ ಬಂಧಿಸದೆ ಆವಿಯಾಯಿತು. ಹೆಸರನ್ನು ಬಳಸಿಕೊಂಡು ಹೆಸರಿನವರಿಗೆ ಏನೂ ಕೊಡಬೇಕಾಗಿಲ್ಲದ ಈ ವ್ಯವಸ್ಥೆ ಕಳ್ಳತನಕ್ಕಿಂತ ನಾಜೂಕಾದದ್ದು. ಕಳವಾಯಿತೆಂದು ದೂರಲು ಇಲ್ಲಿ ಮಾಲೀಕನೇ ಇಲ್ಲ.

ಎರಡನೆಯದು ಅಧಿಕಾರಿಗಳ ಪರವಾದದ್ದು. ಮೂವತ್ತು ವರ್ಷ ಗಡಿಯಲ್ಲಿ ಸೇವೆ ಸಲ್ಲಿಸಿದ ಅಧಿಕಾರಿಗೆ ಮುಂಬಯಿಯಲ್ಲೊಂದು ಮನೆ ಬೇಡವೇ ಎಂಬುದು. ಖಂಡಿತ ಬೇಕು. ಅದಕ್ಕಾಗಿಯೇ ಸೇನೆಗಳ ಗೃಹನಿರ್ಮಾಣ ಸಂಸ್ಥೆಗಳಿವೆ. ಅಂಧೇರಿಯಿಂದ ದೂರವಲ್ಲದ ಪೊವಾಯಿಯಲ್ಲಿಯೇ ಜಲವಾಯು ವಿಹಾರವಿದೆ. ವಾಯುದಳ ಮತ್ತು ನೌಕಾದಳದವರು ತಮ್ಮ ಹಣ ಕೊಟ್ಟು ಪಡೆದ ಮನೆಗಳವು. ಅಲ್ಲಿ ಯಾರೂ ಸತ್ತವರ ಹೆಸರು ಹೇಳಿ ನೆಲ ಕೇಳಬೇಕಾಗಿಲ್ಲ. ಬದುಕಿರುವ ಸೈನಿಕನ ನ್ಯಾಯವಾದ ಅಗತ್ಯವನ್ನು ಸತ್ತ ಸೈನಿಕನ ಕೀರ್ತಿಯೊಂದಿಗೆ ಬೆರೆಸಿ, ಆ ಬೆರಕೆಯ ನೆರಳಿನಲ್ಲಿ ಮೂರನೆಯವರು ಒಳನುಗ್ಗುವಂತೆ ಮಾಡಿದ್ದೇ ಆದರ್ಶದ ಅಪರಾಧ.

ಮೂರನೆಯದು ಭಾವನೆಯದು, ನಮ್ಮ ಸಭೆಗಳಲ್ಲಿ ಹೆಚ್ಚು ಚಪ್ಪಾಳೆ ಗಿಟ್ಟಿಸುವುದು ಇದೇ. ಇಂಥ ಪ್ರಶ್ನೆಗಳಿಂದ ಸೇನೆಯ ಗೌರವಕ್ಕೆ ಕುಂದು ಬರುತ್ತದೆಯೆನ್ನುತ್ತಾರೆ. ಆದರೆ ಈ ಕಟ್ಟಡದ ಬಗ್ಗೆ ಭದ್ರತೆಯ ಆತಂಕ ಎತ್ತಿದ್ದು ಪಶ್ಚಿಮ ನೌಕಾ ಕಮಾಂಡ್. ಪಟ್ಟಿಯಲ್ಲಿದ್ದ ಇಬ್ಬರು ಮಾಜಿ ಭೂಸೇನಾ ಮುಖ್ಯಸ್ಥರು ಮತ್ತು ಒಬ್ಬ ಮಾಜಿ ನೌಕಾ ಮುಖ್ಯಸ್ಥರು, ವಿಷಯ ಬಯಲಾದಾಗ, ಫ್ಲ್ಯಾಟು ಹಿಂದಿರುಗಿಸಲು ಮುಂದಾದರು. ಪ್ರಶ್ನೆ ಸಮವಸ್ತ್ರದೊಳಗಿನಿಂದಲೇ ಬಂದಿರುವಾಗ ಅದನ್ನು ಕೇಳುವ ನಾಗರಿಕನಿಗೆ ದೇಶಭಕ್ತಿಯ ಪಾಠ ಹೇಳುವವರು ಯಾರನ್ನು ಕಾಯುತ್ತಿದ್ದಾರೆ? ಸೇನೆಯನ್ನಂತೂ ಅಲ್ಲ.

ಇದೆಲ್ಲ ಮಹಾರಾಷ್ಟ್ರದ ರಾಜಕಾರಣ, ಹೊರನಾಡ ಕನ್ನಡಿಗರಾದ ನಮಗೇಕೆ ಎನ್ನುವವರೂ ಇದ್ದಾರೆ. ಅವರು ಒಮ್ಮೆ ಕಾರವಾರದ ಕಡೆ ನೋಡಬೇಕು. 1986ರಲ್ಲಿ ಪ್ರಧಾನಿ ರಾಜೀವ ಗಾಂಧಿ ಶಂಕುಸ್ಥಾಪನೆ ಮಾಡಿದ ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಕಡಲಂಚಿನ ಹಳ್ಳಿಗಳು ಎದ್ದುಹೋದವು. ಮೀನುಗಾರರು, ಗೇಣಿ ಗದ್ದೆಯಿಂದ ಭೂಸುಧಾರಣೆಯಲ್ಲಿ ಒಡೆತನಕ್ಕೆ ಬಂದಿದ್ದ ರೈತರು ದೇಶದ ರಕ್ಷಣೆಗೆಂದು ಮನೆ ಬಿಟ್ಟುಕೊಟ್ಟರು. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ನೌಕಾದಳದ ಕುಟುಂಬಗಳಿಗೆ ವಸತಿ ಬಡಾವಣೆಗಳು ಎದ್ದವು. ನೆಲ ಬಿಟ್ಟುಕೊಟ್ಟವರಲ್ಲಿ ಎಷ್ಟೋ ಮಂದಿ ಹೆಚ್ಚುವರಿ ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಅಲೆದರು. ನೌಕಾನೆಲೆ ಬೇಡವಿತ್ತೆಂದು ಇಲ್ಲಿ ವಾದಿಸುತ್ತಿಲ್ಲ. ದೇಶದ ಹೆಸರಿನಲ್ಲಿ ಬಡವನಿಂದ ಪಡೆಯುವಾಗ ಸರ್ಕಾರಕ್ಕಿರುವ ಅವಸರ, ದೇಶದ ಹೆಸರಿನಲ್ಲಿ ಬಡವನಿಗೆ ಕೊಡುವಾಗ ಇರುವುದಿಲ್ಲ. ಕಾರವಾರದ ನಿರಾಶ್ರಿತ ಮತ್ತು ಕೊಲಾಬಾದ ನಾವಿಕನ ವಿಧವೆ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಇಬ್ಬರ ಮುಂದೆಯೂ ಅದೇ ಗುಮಾಸ್ತ, ಅದೇ ‘ನಾಳೆ ಬನ್ನಿ’.

ಇನ್ನು ನಮ್ಮ ಪಾಲಿನ ಮಾತು. ಅಂಧೇರಿಯಿಂದ ಡೊಂಬಿವಲಿಯವರೆಗೆ ನಮ್ಮ ಸಂಘಗಳು ನೂರಾರು ಕಾರ್ಯಕ್ರಮಗಳನ್ನು ನಡೆಸುತ್ತವೆ. ಯೋಧರ ಸ್ಮರಣೆ ಅವುಗಳಲ್ಲೊಂದು: ಊರಿನ ಕಡೆಯ ನಿವೃತ್ತ ಸುಬೇದಾರರೊಬ್ಬರನ್ನು ಕರೆಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೊ ತೆಗೆಸಿಕೊಂಡು, ಮರುದಿನದ ಪತ್ರಿಕೆಯಲ್ಲಿ ಅಚ್ಚಾದ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಳ್ಳುವುದು. ಗೌರವ ತಪ್ಪಲ್ಲ. ಆದರೆ ಗೌರವ ಪಡೆದವರ ಮನೆಯ ಪರಿಸ್ಥಿತಿಯನ್ನು ವೇದಿಕೆಯಿಂದ ಇಳಿದ ಮೇಲೆ ಯಾರು ಕೇಳಿದ್ದಾರೆ? ರಕ್ಷಣಾ ಪಿಂಚಣಿ ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ. ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂಬ ಪ್ರಮಾಣ ಕೊಡಬೇಕು. ಹೆಸರಿನ ಒಂದಕ್ಷರ ಆಧಾರ್ ಕಾರ್ಡಿನಲ್ಲೊಂದು ಬಗೆ, ಸೇನೆಯ ದಾಖಲೆಯಲ್ಲೊಂದು ಬಗೆ ಇದ್ದರೆ ಹಣ ಬರುವ ದಾರಿಯಲ್ಲಿ ಕಲ್ಲು ಬಿದ್ದಂತೆ. ಕನ್ನಡವನ್ನೋ ತುಳುವನ್ನೋ ಮಾತ್ರ ಬಲ್ಲ ಮುದುಕಿಗೆ ಈ ಕಲ್ಲನ್ನು ಸರಿಸಿಕೊಡುವವರು ಬೇಕು. ನಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ವಕೀಲರಿದ್ದಾರೆ, ಕಂಪ್ಯೂಟರ್ ಬಲ್ಲ ಹುಡುಗರಿದ್ದಾರೆ. ತಿಂಗಳಿಗೆ ಒಂದು ಭಾನುವಾರ ಸಂಘದ ಸಭಾಂಗಣದಲ್ಲಿ ನಾಲ್ಕು ಕುರ್ಚಿ ಹಾಕಿ ಕುಳಿತರೆ ಆಗುವ ಕೆಲಸವಿದು. ಶಾಲಿನಷ್ಟು ಖರ್ಚೂ ಬರುವುದಿಲ್ಲ.

ನಮ್ಮ ಲೇಖಕರಿಗೂ ಒಂದು ಮಾತು. ಯುದ್ಧ ಬಂದಾಗ ನಮ್ಮಲ್ಲಿ ಕವಿತೆಗಳ ಮಳೆ ಸುರಿಯುತ್ತದೆ. ವೀರಮಾತೆ, ಸಿಂಧೂರ, ನೆತ್ತರು, ತ್ರಿವರ್ಣ ಎಲ್ಲವೂ ಬರುತ್ತವೆ. ಬಾಡಿಗೆ ಮನೆ, ರೇಷನ್ ಕಾರ್ಡು, ಮಗಳ ಕಾಲೇಜಿನ ಫೀಸು ಬರುವುದಿಲ್ಲ. ಸಾಮಾನ್ಯ ಸೈನಿಕನ ಹೆಂಡತಿ ನಮ್ಮ ಸಾಹಿತ್ಯದಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಾಳೆಯೇ ಹೊರತು ಅರ್ಜಿ ಬರೆಯುವುದಿಲ್ಲ. ಆಕೆಯನ್ನು ಪ್ರತಿಮೆಯಾಗಿಸಿದವರಲ್ಲಿ ನಾವೂ ಇದ್ದೇವೆ. ಪ್ರತಿಮೆಗೆ ಮನೆ ಬೇಕಾಗುವುದಿಲ್ಲವೆಂಬ ಅನುಕೂಲ ಬಿಲ್ಡರನಿಗೂ ಮಂತ್ರಿಗೂ ಸಿಕ್ಕಿದ್ದು ಅಂಥ ಭಾಷೆಯಿಂದಲೇ.

ಕೊಲಾಬಾದ ಕಟ್ಟಡದ ಬಗ್ಗೆ ಕೇಳಬೇಕಾದದ್ದು ಎರಡೇ ಮಾತು. ಕರಾವಳಿಯ ಕಾನೂನಿಗೆ ಅದು ವಿರುದ್ಧವೆಂದಾದರೆ ಕೆಡವಿ. ಉಳಿಸುವುದಾದರೆ ಯುದ್ಧದಲ್ಲಿ ಮಡಿದ ಕೆಳದರ್ಜೆಯ ಸೈನಿಕರ ಕುಟುಂಬಗಳಿಗೆ, ಮುಂಬಯಿಯಲ್ಲಿ ಓದುವ ಅವರ ಮಕ್ಕಳಿಗೆ, ಅಶ್ವಿನಿ ಆಸ್ಪತ್ರೆಗೆ ದೂರದಿಂದ ಬರುವ ಅವರ ರೋಗಿಗಳಿಗೆ ತಂಗುದಾಣವಾಗಿ ಕೊಡಿ, ಮತ್ತು ಯಾರಿಗೆ ಯಾವ ಕೋಣೆ ಎಂಬ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹೊರಗೋಡೆಯ ಮೇಲೆ ಬರೆಯಿಸಿ. ಹೆಸರು ಬರೆಯಲಾಗದಷ್ಟು ದೊಡ್ಡ ಪಟ್ಟಿಯಾಗುವುದಿಲ್ಲ ಅದು. ಮುಂದಿನ ಜುಲೈ 26ರಂದು ನಮ್ಮ ಯಾವುದಾದರೊಂದು ಸಂಘ ಶಾಲಿನ ಕಾರ್ಯಕ್ರಮವನ್ನು ಕೈಬಿಟ್ಟು ಈ ಎರಡು ಮಾತುಗಳ ಮನವಿಗೆ ಸಹಿ ಸಂಗ್ರಹಿಸಲಿ. ಮೊದಲ ಸಹಿ ಅಂಧೇರಿಯಿಂದ ಬರಲಿ.